ಮೇಲ್ಮೈಯ ಹಿಡಿತ, ಬಾವಿಯ ನೀರು

2025ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಜಪಾನಿನ ಸುಸುಮು ಕಿತಗಾವಾ, ಆಸ್ಟ್ರೇಲಿಯದ ರಿಚರ್ಡ್ ರಾಬ್ಸನ್, ಅಮೆರಿಕದ ಓಮರ್ ಯಾಘಿ ಈ ಮೂವರಿಗೆ ಸಂದಿತು. ಲೋಹದ ಅಯಾನುಗಳನ್ನು ಇಂಗಾಲದ ಅಣುಗಳಿಂದ ಬೆಸೆದು, ಒಳಗೆಲ್ಲ ಪೊಳ್ಳಾದ ಹರಳುಗಳನ್ನು ಕಟ್ಟಿದ್ದು ಅವರ ಸಾಧನೆ. ಯಾಘಿಯವರ ಇಂಥ ಒಂದು ಪದಾರ್ಥದ ಎರಡು ಮೂರು ಗ್ರಾಮಿನೊಳಗೆ ಕಾಲ್ಚೆಂಡಿನ ಮೈದಾನದಷ್ಟು ಮೇಲ್ಮೈ ಅಡಗಿದೆ. ಇನ್ನೊಂದು ಅರಿಜೋನಾದ ಮರುಭೂಮಿಯ ಗಾಳಿಯಿಂದಲೇ ನೀರನ್ನು ಹಿಡಿದು ಕೊಟ್ಟಿದೆ. ಈ ಸುದ್ದಿಯನ್ನು ಓದಿ ಹಿಗ್ಗಿದವರಲ್ಲಿ ನಾನೂ ಒಬ್ಬ. ಆದರೆ ನಮ್ಮ ಸೀಮೆಯ ಕುಡಿಯುವ ನೀರಿನ ಮಾತು ಬಂದಾಗ ಈ ಹಿಗ್ಗಿನೊಡನೆ ಒಂದು ಪ್ರಶ್ನೆಯೂ ಏಳುತ್ತದೆ.

ಬಟ್ಟೆ ನೀರನ್ನು ಒಳಕ್ಕೆ ಹೀರುತ್ತದೆ. ಈ ಪದಾರ್ಥಗಳು ಹೀಗೆ ಹೀರುವುದಿಲ್ಲ. ತಮ್ಮ ಮೇಲ್ಮೈಗೆ ಅಂಟಿಸಿಕೊಳ್ಳುತ್ತವೆ. ಪಂಡಿತರು ಇದನ್ನು ಅಧಿಶೋಷಣೆ ಎನ್ನುತ್ತಾರೆ. ಹೆಸರು ಹೊಸದಾದರೂ ಕೆಲಸ ನಮ್ಮ ಮಣ್ಣಿಗೆ ಹಳೆಯದು. ಕಲಬುರಗಿಯಿಂದ ಹುಮನಾಬಾದಿನ ರಸ್ತೆ ಹಿಡಿದರೆ ತೊಗರಿಯ ಹೊಲಗಳ ಕರಿಮಣ್ಣು ಜೊತೆಗೆ ಬರುತ್ತದೆ. ಕಮಲಾಪುರದ ಆಸುಪಾಸಿನಲ್ಲಿ, ಕೆಂಬಾಳೆಯ ತೋಟಗಳಲ್ಲಿ, ಕೆಂಪುಮಣ್ಣು ಕಾಣುತ್ತದೆ. ಕರಿಮಣ್ಣಿನ ಜೇಡಿಯ ಪದರಗಳಲ್ಲಿ ಋಣವಿದ್ಯುತ್ತು ಇರುವುದರಿಂದ ಅವು ಪೊಟಾಸಿಯಂ, ಅಮೋನಿಯಂಗಳನ್ನು ಹಿಡಿದಿಟ್ಟು ಬೇರಿಗೆ ಒದಗಿಸುತ್ತವೆ. ಆದರೆ ಋಣವಿದ್ಯುತ್ತನ್ನೇ ಹೊತ್ತ ಫ್ಲೋರೈಡನ್ನು ಅವು ಅಷ್ಟಾಗಿ ಹಿಡಿಯಲಾರವು. ಆ ಕೆಲಸ ಕೆಂಪುಮಣ್ಣಿನಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳದು. (ಕೊಡದೊಳಗೆ ಕೆಂಪುಮಣ್ಣು ಸುರಿಯಿರೆಂದು ನಾನು ಹೇಳುತ್ತಿಲ್ಲ!)

ಈ ವ್ಯತ್ಯಾಸ ಬರಿಯ ಪಾಠದ ಮಾತಲ್ಲ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡು ಹಲ್ಲನ್ನು ಕಂದಿಸುತ್ತದೆ, ಇನ್ನೂ ಹೆಚ್ಚಾದರೆ ವರ್ಷಗಳು ಕಳೆದಂತೆ ಮೂಳೆಯನ್ನು ಬಿಗಿಸುತ್ತದೆ. ಕಲಬುರಗಿ ಜಿಲ್ಲೆಯ ಕೆಲವು ಕೊಳವೆಬಾವಿಗಳು ಈ ಮಿತಿಯನ್ನು ದಾಟಿವೆ. 2009ರವರೆಗೆ ಇದೇ ಜಿಲ್ಲೆಯ ಭಾಗವಾಗಿದ್ದ ಯಾದಗಿರಿಯ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಜನರ ಚರ್ಮದ ಮೇಲೆಯೇ ಗುರುತು ಬರೆದಿದೆ. ಮದ್ದೂ ತಿಳಿದದ್ದೇ. 1956ರವರೆಗೆ ಕಲಬುರಗಿಯೊಡನೆ ಹೈದರಾಬಾದ್ ರಾಜ್ಯದಲ್ಲಿದ್ದ ನಲಗೊಂಡದ ಹೆಸರಿನಲ್ಲೇ ಸುಣ್ಣ-ಪಟಿಕದ ಒಂದು ವಿಧಾನ ಪ್ರಸಿದ್ಧವಾಗಿದೆ. ಸಕ್ರಿಯ ಅಲ್ಯೂಮಿನಾ ಎಂಬ ರಂಧ್ರಮಯ ಹರಳುಗಳೂ ಇವೆ. ಅವು ಫ್ಲೋರೈಡನ್ನೂ ಆರ್ಸೆನಿಕನ್ನೂ ಹಿಡಿಯಬಲ್ಲವು.

ಹಾಗಾದರೆ ತೊಡಕೆಲ್ಲಿ? ಮೇಲ್ಮೈ ಎಷ್ಟೇ ವಿಶಾಲವಾದರೂ ಒಂದು ದಿನ ತುಂಬುತ್ತದೆ. ಆಮೇಲೂ ನಲ್ಲಿಯಿಂದ ನೀರು ತಿಳಿಯಾಗಿಯೇ ಬರುತ್ತದೆ. ನಾಲಗೆಗೆ ಭೇದ ತಿಳಿಯದು. ತುಂಬಿದ ಅಲ್ಯೂಮಿನಾವನ್ನು ಕ್ಷಾರದಿಂದ ತೊಳೆದು, ಆಮ್ಲದಿಂದ ಹದಗೊಳಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆದರೆ ಹಿಡಿದ ವಿಷ ನಾಶವಾಗಿಲ್ಲ. ತೊಳೆದ ನೀರಿನಲ್ಲಿ ಅದು ದಟ್ಟವಾಗಿ ಕುಳಿತಿದೆ. ಆ ನೀರನ್ನು ಊರ ಚರಂಡಿಗೆ ಬಿಟ್ಟರೆ ಮರಳಿ ಬಾವಿಯ ದಾರಿ ಹಿಡಿಯುವುದು. ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿ ಹೆಚ್ಚಾಗಿ ಬಳಸುವ ಪೊರೆಯ ಯಂತ್ರಗಳೂ ಇದಕ್ಕೆ ಹೊರತಲ್ಲ. ಅವು ಹೊರಚೆಲ್ಲುವ ನೀರಿನಲ್ಲೂ ಲವಣವೆಲ್ಲ ಕೂಡಿರುತ್ತದೆ.

ಆದ್ದರಿಂದ ನಮ್ಮಲ್ಲಿ ಕೊರತೆಯಾಗಿರುವುದು ಹೊಸ ಪದಾರ್ಥವಲ್ಲ, ಹಳೆಯದನ್ನು ಕಾಯುವ ಕೈ ಎಂಬುದು ನನ್ನ ಅಭಿಪ್ರಾಯ. ಘಟಕದ ಉದ್ಘಾಟನೆಗೆ ಶಿಲಾಫಲಕ ಉಂಟು. ಅದನ್ನು ತೊಳೆದ ದಿನಕ್ಕೆ ಫಲಕವಿಲ್ಲ. ಕೊನೆಯ ಪರೀಕ್ಷೆಯ ದಿನಾಂಕವನ್ನೂ ಸಿಕ್ಕ ಅಂಕಿಯನ್ನೂ ನಲ್ಲಿಯ ಮೇಲೆಯೇ ಬರೆದಿಡಲಿ. ಬಣ್ಣ ನೋಡಿ ಫ್ಲೋರೈಡನ್ನು ಅಳೆಯುವ ಪರೀಕ್ಷೆಯನ್ನು ಕಲಬುರಗಿಯ ಯಾವ ಕಾಲೇಜಿನ ರಸಾಯನಶಾಸ್ತ್ರದ ವಿದ್ಯಾರ್ಥಿಯೂ ಮಾಡಬಲ್ಲನು. ಸರಕು ಪೂರೈಸುವವನ ಕರಾರಿನಲ್ಲಿಯೇ ಬಳಸಿದ ಅಲ್ಯೂಮಿನಾವನ್ನು ಮರಳಿ ಒಯ್ಯುವ ಹೊಣೆಯನ್ನೂ ಅದರ ವೆಚ್ಚವನ್ನೂ ಬರೆಯಿಸಬೇಕು.