ಕೊನೆಯ ಹೊಡೆತಕ್ಕೆ ಮುಂಚೆ

ಬಾದನಹಟ್ಟಿಯಂಥ ಊರಿನ ಕಟ್ಟೆಯ ಮೇಲೆ ಸಂಜೆ ಕೇರಂ ಬೋರ್ಡು ಇಟ್ಟರೆ ಸುತ್ತ ಹತ್ತು ತಲೆ ಸೇರಲು ತಡವಾಗುವುದಿಲ್ಲ. ಪಕ್ಕದೂರಿನ ಹುಡುಗನೊಬ್ಬ ಹಿಂದೆ ನಿಂತು ನೋಡುತ್ತಿರುತ್ತಾನೆ. "ನಂಗೆ ಅಷ್ಟಾಗಿ ಬರಂಗಿಲ್ಲಣ್ಣ, ಒಂದಾಟ ಕೂಡ್ಲಾ?" ಎನ್ನುತ್ತಾನೆ. ಮೊದಲ ಆಟ ಸೋತು ಎಲ್ಲರಿಗೂ ಚಹಾ ಕೊಡಿಸುತ್ತಾನೆ. ಎರಡನೆಯದನ್ನೂ ಸೋಲುತ್ತಾನೆ. ಮೂರನೆಯ ಆಟಕ್ಕೆ ನೂರು ರೂಪಾಯಿ ಪಣ. ಕೆಂಪು ಕಾಯಿಯೂ ಅದರ ಬೆನ್ನಿಗೇ ಕವರೂ ಪಾಕೆಟ್ಟಿಗೆ ಬಿದ್ದ ಮೇಲಷ್ಟೇ ಈತ ಕಲಿಯಲು ಬಂದವನಲ್ಲವೆಂದು ಕಟ್ಟೆಗೆ ಗೊತ್ತಾಗುತ್ತದೆ.

ಇಂಥವನನ್ನು ಅಮೆರಿಕದ ಪೂಲ್ ಹಾಲುಗಳಲ್ಲಿ 'ಹಸ್ಲರ್' ಎನ್ನುತ್ತಾರೆ. ಬಿಲಿಯರ್ಡ್ಸ್, ಸ್ನೂಕರ್‌ಗಳ ಹತ್ತಿರದ ನೆಂಟನೇ ಪೂಲ್. ಮೇಜು ಸ್ವಲ್ಪ ಚಿಕ್ಕದು, ಉದ್ದನೆಯ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು ಉಳಿದ ಚೆಂಡುಗಳನ್ನು ಪಾಕೆಟ್ಟಿಗೆ ಬೀಳಿಸುವ ಆಟ. 1961ರಲ್ಲಿ ರಾಬರ್ಟ್ ರಾಸನ್ ನಿರ್ದೇಶಿಸಿದ 'ದಿ ಹಸ್ಲರ್' ಚಿತ್ರ ಶುರುವಾಗುವುದೇ ಕಟ್ಟೆಯ ಈ ಕಥೆಯಿಂದ. ಪಾಲ್ ನ್ಯೂಮನ್ ನಟಿಸಿದ ಎಡ್ಡಿ, ಕುಡಿದವನಂತೆ ತೂರಾಡುತ್ತ ಒಂದು ಕಷ್ಟದ ಹೊಡೆತ ಹೊಡೆಯುತ್ತಾನೆ. ಚೆಂಡು ಬೀಳುತ್ತದೆ. ಅದೃಷ್ಟ ಎಂದು ಸುತ್ತಲಿನವರು ನಗುತ್ತಾರೆ. ಪಣ ಕಟ್ಟಿ ಮತ್ತೆ ಹೊಡೆದಾಗ ತಪ್ಪುತ್ತಾನೆ. ಪಣ ಏರುತ್ತದೆ. ಆಗ ಬೀಳಿಸಿ ಹಣ ಬಾಚಿಕೊಳ್ಳುತ್ತಾನೆ.

ಗಮನಿಸಬೇಕಾದದ್ದು ಬಿದ್ದ ಹೊಡೆತವನ್ನಲ್ಲ, ತಪ್ಪಿದ್ದನ್ನು. ಬೇಕೆಂದೇ ತಪ್ಪುವುದು ಸುಲಭದ ವಿದ್ಯೆಯಲ್ಲ. ಚೆಂಡು ಪಾಕೆಟ್ಟಿನ ಅಂಚಿಗೆ ಬಡಿದು 'ಅಯ್ಯೋ' ಎನಿಸುವಂತೆ ನಿಲ್ಲಬೇಕು. ಪಳಗಿದ ಕಣ್ಣು ಮಾತ್ರ ಆಗ ಬೇರೆ ಕಡೆ ನೋಡುತ್ತದೆ: ಬಿಳಿ ಚೆಂಡು ಎಲ್ಲಿ ನಿಂತಿತು? ಪ್ರತಿಸಲ ತಪ್ಪಿದಾಗಲೂ ಅದು ಎದುರಾಳಿಗೆ ಏನೂ ದಕ್ಕದ ಮೂಲೆಗೇ ಹೋಗಿ ಕೂತರೆ, ಆ ಮನುಷ್ಯನ ಜೊತೆ ಪಣ ಕಟ್ಟದಿರುವುದೇ ಲೇಸು.

ಕೇರಂ ಆಡುವವರಿಗೆ ಇದು ಹೊಸದೆನಿಸಬಹುದು. ಕೇರಂನಲ್ಲಿ ಸ್ಟ್ರೈಕರ್ ಪ್ರತಿಸಲವೂ ಕೈಗೆ ಮರಳುತ್ತದೆ, ಗೆರೆಯ ಮೇಲೆ ಬೇಕಾದಲ್ಲಿ ಇಟ್ಟುಕೊಳ್ಳಬಹುದು. ಪೂಲ್‌ನಲ್ಲಿ ಬಿಳಿ ಚೆಂಡು ನಿಂತಲ್ಲಿಂದಲೇ ಮುಂದಿನ ಹೊಡೆತ. ಅದರ ನಡುವಿಗಿಂತ ಮೇಲೆ ಹೊಡೆದರೆ ಡಿಕ್ಕಿಯ ನಂತರ ಮುಂದಕ್ಕೆ ಹಿಂಬಾಲಿಸುತ್ತದೆ. ಕೆಳಗೆ ಹೊಡೆದರೆ ಹಿಂದಕ್ಕೆ ಬರುತ್ತದೆ. ಉರುಳದೆ ಜಾರುತ್ತ ಹೋಗಿ ಇನ್ನೊಂದು ಚೆಂಡಿಗೆ ನೇರ ಬಡಿದರೆ ಇದ್ದಲ್ಲೇ ನಿಲ್ಲುತ್ತದೆ. ಒಂದೇ ತೂಕದ ಎರಡು ವಸ್ತುಗಳ ಡಿಕ್ಕಿಯ ಬಗ್ಗೆ ಭೌತಶಾಸ್ತ್ರದ ಪಾಠದಲ್ಲಿ ಬರುವ ಲೆಕ್ಕವೇ ಇದು. ಪಾಠದಲ್ಲಿ ಆಕಳಿಸುವವರು ಮೇಜಿನ ಬಳಿ ಎಚ್ಚರವಾಗಿರುತ್ತಾರೆ!

'ನೈನ್ ಬಾಲ್' ಎಂಬ ಬಗೆಯಲ್ಲಿ ಬಿಳಿ ಚೆಂಡು ಪ್ರತಿಸಲ ಮೇಜಿನ ಮೇಲಿರುವ ಅತಿ ಕಡಿಮೆ ಅಂಕಿಯ ಚೆಂಡಿಗೇ ಮೊದಲು ತಾಕಬೇಕು. ಒಂಬತ್ತನೆಯದನ್ನು ಬೀಳಿಸಿದವನು ಗೆದ್ದ. ಹಾಗಾಗಿ ಒಳ್ಳೆಯ ಆಟಗಾರ ಏಳನೆಯದನ್ನು ಹೊಡೆಯುವಾಗಲೇ ಎಂಟಕ್ಕೂ ಒಂಬತ್ತಕ್ಕೂ ದಾರಿ ಮಾಡಿಕೊಂಡಿರುತ್ತಾನೆ. ಸಿನಿಮಾದಲ್ಲಿ ಕೊನೆಯ ಹೊಡೆತ ಅಸಾಧ್ಯವೆನಿಸುವಷ್ಟು ಕಷ್ಟವಿರಬೇಕು, ಇಲ್ಲದಿದ್ದರೆ ಪ್ರೇಕ್ಷಕ ಕುರ್ಚಿಯ ತುದಿಗೆ ಬರುವುದಿಲ್ಲ. ನಿಜವಾದ ಮೇಜಿನ ಮೇಲೆ ಕೊನೆಯ ಹೊಡೆತ ಅಷ್ಟು ಕಷ್ಟವಾಯಿತೆಂದರೆ ಅದರ ಹಿಂದಿನದು ಕೆಟ್ಟಿದೆ ಎಂದೇ ಅರ್ಥ. 'ದಿ ಹಸ್ಲರ್' ಚಿತ್ರಕ್ಕೆ ತಾಂತ್ರಿಕ ಸಲಹೆಗಾರನಾಗಿದ್ದ ವಿಲ್ಲಿ ಮಾಸ್ಕೋನಿ 1954ರಲ್ಲಿ ಓಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಂದೂ ತಪ್ಪದೆ ಸತತ 526 ಚೆಂಡು ಬೀಳಿಸಿದ. ಅವು 526 ಪವಾಡಗಳಲ್ಲ. ಮುಂದಿನದು ಸುಲಭವಾಗುವಂತೆ ಹೊಡೆದ ಹೊಡೆತಗಳು.

ಈ ವಿದ್ಯೆಯನ್ನು ಯಾರಿಂದಲೂ ಮುಚ್ಚಿಡದೆ ಬೆಳೆಸಿಕೊಂಡವರು ಕರ್ನಾಟಕದಲ್ಲೇ ಇದ್ದಾರೆ. 1985ರಲ್ಲಿ ಪುಣೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಓದಿದ ಪಂಕಜ್ ಅಡ್ವಾಣಿ ಅಣ್ಣ ಆಡುವುದನ್ನು ನೋಡುತ್ತ ಈ ಆಟಕ್ಕೆ ಬಂದವರು. ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ ಸವೂರ್ ಅವರಲ್ಲಿ ಪಳಗಿದರು. 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದಾಗ ವಯಸ್ಸು ಹದಿನೆಂಟು. 2024ರ ನವೆಂಬರ್‌ನಲ್ಲಿ ದೋಹಾದಲ್ಲಿ ಗೆದ್ದ ಬಿಲಿಯರ್ಡ್ಸ್ ಕಿರೀಟ ಅವರ 28ನೆಯ ವಿಶ್ವ ಪ್ರಶಸ್ತಿ. ಬಿಲಿಯರ್ಡ್ಸ್ ಹಾಲ್ ಎಂದರೆ ಹುಡುಗರು ಕೆಡುವ ಜಾಗವೆಂದು ಎಷ್ಟೋ ಮನೆಗಳಲ್ಲಿ ನಂಬಿದ್ದ ಕಾಲದಲ್ಲಿ ಈ ಮನೆಯವರು ಮಗನ ಕೈಗೆ ಕೋಲು ಕೊಟ್ಟರು.

ಹಾಗೆಂದು ಅಪ್ಪ ಅಮ್ಮಂದಿರ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ. ಪಣ ಈಗ ಕಟ್ಟೆಯಿಂದ ಮಕ್ಕಳ ಜೇಬಿನ ಮೊಬೈಲಿಗೆ ಬಂದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಾಗಲಿ ಅದೃಷ್ಟದವಾಗಲಿ, ನಿಷೇಧಿಸುವ ಮಸೂದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಕಟ್ಟೆಯ ಮೇಲಾದರೆ ಎದುರು ಕೂತವನ ಮುಖವಾದರೂ ಕಾಣುತ್ತದೆ. ಮೊದಲೆರಡು ಆಟ ತಾನು ಗೆದ್ದೆನೋ ಗೆಲ್ಲಲು ಬಿಟ್ಟರೋ ಎಂಬುದು ಪರದೆಯ ಮೇಲೆ ತಿಳಿಯುವುದು ಹೇಗೆ?

ಅದೇ ಪ್ರಶ್ನೆ ಎಡ್ಡಿಯನ್ನೂ ಕಾಡಿತು. ಮಾರ್ಟಿನ್ ಸ್ಕಾರ್ಸೆಸಿಯ 'ದಿ ಕಲರ್ ಆಫ್ ಮನಿ' (1986) ಚಿತ್ರದಲ್ಲಿ ಎಡ್ಡಿಗೆ ವಯಸ್ಸಾಗಿದೆ. ಟಾಮ್ ಕ್ರೂಸ್ ನಟಿಸಿದ ವಿನ್ಸೆಂಟ್ ಎಂಬ ಹುಡುಗನಿಗೆ ಸೋತು ಗೆಲ್ಲುವ ವಿದ್ಯೆ ಕಲಿಸಿದವನೂ ಅವನೇ. ಕೊನೆಗೆ ಅಟ್ಲಾಂಟಿಕ್ ಸಿಟಿಯ ಪಂದ್ಯದಲ್ಲಿ ಗುರುವೇ ಶಿಷ್ಯನನ್ನು ಸೋಲಿಸುತ್ತಾನೆ. ಹಿಗ್ಗು ಆರುವ ಮೊದಲೇ ವಿನ್ಸೆಂಟ್ ಒಂದು ಲಕೋಟೆ ತಂದುಕೊಡುತ್ತಾನೆ. ಒಳಗೆ ಎಂಟು ಸಾವಿರ ಡಾಲರ್. ಅವನು ತನ್ನ ವಿರುದ್ಧವೇ ಪಣ ಕಟ್ಟಿಸಿ ಬೇಕೆಂದೇ ಸೋತಿದ್ದ. ಅದರಲ್ಲಿ ಇದು ಗುರುವಿನ ಪಾಲು. ತಾನು ಕಲಿಸಿದ ಪಾಠವನ್ನು ಮಾತು ತಪ್ಪದೆ ಒಪ್ಪಿಸಿದ ಶಿಷ್ಯನ ಮೇಲೆ ಎಡ್ಡಿ ಸಿಟ್ಟಾಗುವುದಾದರೂ ಹೇಗೆ?

ಮುಂದಿನ ಪಂದ್ಯವನ್ನು ಅವನು ಆಡುತ್ತ ಆಡುತ್ತಲೇ ಬಿಟ್ಟುಕೊಟ್ಟು ಹೊರನಡೆಯುತ್ತಾನೆ. ಆ ಹಣವನ್ನು ವಿನ್ಸೆಂಟ್‌ಗೆ ಮರಳಿಸಿ, ನಿನ್ನ ನಿಜವಾದ ಆಟ ಆಡು ಎಂದು ಮೇಜಿಗೆ ಕರೆಯುತ್ತಾನೆ. ಪ್ರೇಕ್ಷಕರು ಕಾದು ಕೂತ ಆ ಕೊನೆಯ ಹೊಡೆತ ಚಿತ್ರದಲ್ಲಿ ಬರುವುದೇ ಇಲ್ಲ. ಜೋಡಿಸಿಟ್ಟ ಚೆಂಡುಗಳ ಮುಂದೆ ಎಡ್ಡಿ ಬಗ್ಗಿ ಆಟದ ಮೊದಲ ಹೊಡೆತ ಹೊಡೆಯುತ್ತಾನೆ, ಚೆಂಡುಗಳು ಚದುರುತ್ತವೆ, ಚಿತ್ರ ಅಲ್ಲಿಗೇ ಮುಗಿಯುತ್ತದೆ.