ಮೊದಲು ಶೂಲ, ಆಮೇಲೆ ವಿಚಾರಣೆ

ಮಹಾಭಾರತದ ಆದಿಪರ್ವದಲ್ಲಿ ಬರುವ ಮಾಂಡವ್ಯ ಋಷಿಯ ಕಥೆ ವಾಚಕರಿಗೆ ಹೊಸದಲ್ಲ. ಮೌನವ್ರತ ಹಿಡಿದವನ ಆಶ್ರಮದಲ್ಲಿ ಕಳ್ಳರು ಕದ್ದ ಒಡವೆಯನ್ನು ಬಚ್ಚಿಟ್ಟರು. ಬೆನ್ನಟ್ಟಿ ಬಂದ ರಾಜಭಟರು ಕೇಳಿದ್ದಕ್ಕೆ ಅವನು ಉತ್ತರ ಕೊಡಲಿಲ್ಲ. ಉತ್ತರ ಕೊಡದವನೇ ಕಳ್ಳನೆಂದು ಅರಸ ಅವನನ್ನು ಶೂಲಕ್ಕೇರಿಸಿದ. ತಪ್ಪು ತಿಳಿದು ಇಳಿಸಹೋದರೆ ಶೂಲ ಮೈಯಿಂದ ಹೊರಬರಲಿಲ್ಲ. ಬುಡ ಕತ್ತರಿಸಿ, ಒಳಗಿನ ತುಂಡನ್ನು ಒಳಗೇ ಬಿಟ್ಟು ಕಳುಹಿಸಿದರು. ಆ ತುಂಡನ್ನು ಹೊತ್ತುಕೊಂಡೇ ಋಷಿ ಯಮಧರ್ಮನ ಸಭೆಗೆ ಹೋಗಿ, ಯಾವ ತಪ್ಪಿಗೆ ಈ ಶಿಕ್ಷೆ ಎಂದು ಕೇಳಿದ. ಹುಡುಗನಾಗಿದ್ದಾಗ ನೀನು ಹುಳುಗಳ ಬಾಲಕ್ಕೆ ಹುಲ್ಲುಕಡ್ಡಿ ಚುಚ್ಚಿದ್ದೆ, ಎಂದು ಉತ್ತರ ಬಂತು. ಋಷಿ ಧರ್ಮನಿಗೇ ಶಾಪ ಕೊಟ್ಟ. ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾತಕವಲ್ಲವೆಂದು ಲೋಕಕ್ಕೆ ಮರ್ಯಾದೆ ಕಟ್ಟಿದ.

ಇಲ್ಲಿ ಎರಡು ಅನ್ಯಾಯಗಳಿವೆ. ವಿಚಾರಿಸುವ ಮೊದಲೇ ದಂಡಿಸಿದ್ದು ಒಂದು. ಹುಡುಗನ ಕೃತ್ಯವನ್ನು ದೊಡ್ಡವರ ತಕ್ಕಡಿಯಲ್ಲಿ ತೂಗಿದ್ದು ಇನ್ನೊಂದು. ಪುರಾಣದಲ್ಲಿ ಒಂದನ್ನು ಅರಸ ಮಾಡಿದ, ಇನ್ನೊಂದನ್ನು ಯಮ ಮಾಡಿದ. ನಾವು ಎರಡನ್ನೂ ಒಂದೇ ಕಾಯಿದೆಯಲ್ಲಿ ಸೇರಿಸಿಕೊಂಡಿದ್ದೇವೆ.

೨೦೧೨ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಪೈಶಾಚಿಕ ಕೃತ್ಯವನ್ನು ಯಾರೂ ಮರೆತಿಲ್ಲ. ಆರು ಮಂದಿ ಆಪಾದಿತರಲ್ಲಿ ಒಬ್ಬನಿಗೆ ಹದಿನೆಂಟು ತುಂಬಲು ಕೆಲವೇ ತಿಂಗಳು ಬಾಕಿಯಿತ್ತು. ದೇಶ ಸಿಡಿದೆದ್ದಿತು, ಏಳಬೇಕಾದದ್ದೇ. ಆದರೆ ಆ ಸಿಟ್ಟಿನ ನಡುವೆಯೇ ಕುಳಿತು ವಿಚಾರ ಮಾಡಿದ ನ್ಯಾಯಮೂರ್ತಿ ವರ್ಮಾ ಅವರ ಸಮಿತಿ, ಬಾಲಾಪರಾಧಿಯ ವಯಸ್ಸನ್ನು ಇಳಿಸುವುದು ಬೇಡವೆಂದು ೨೦೧೩ರ ಜನವರಿಯಲ್ಲಿ ಹೇಳಿತು. ಸಂಸತ್ತಿನ ಸ್ಥಾಯಿ ಸಮಿತಿಯೂ ಹೊಸ ಮಸೂದೆಯ ಈ ಭಾಗವನ್ನು ಒಪ್ಪಲಿಲ್ಲ. ೨೦೧೫ರ ಡಿಸೆಂಬರಿನಲ್ಲಿ ಆ ಹುಡುಗನ ಮೂರು ವರ್ಷ ಮುಗಿದು ಬಿಡುಗಡೆಯಾಯಿತು. ಅದೇ ವಾರ ರಾಜ್ಯಸಭೆ ಮಸೂದೆಗೆ ಅಸ್ತು ಎಂದಿತು. ಮೂರು ವರ್ಷ ವಿವೇಕ ಹೇಳಿದ್ದನ್ನು ಒಂದು ವಾರದ ಗದ್ದಲ ಅಳಿಸಿಹಾಕಿತು.

ಈ ಕಾಯಿದೆಯ ಹದಿನೈದನೆಯ ಕಲಮನ್ನು ನಮ್ಮ ವಿದ್ಯಾವಂತರು ಒಮ್ಮೆ ಓದಬೇಕು. ಹದಿನಾರು ತುಂಬಿ ಹದಿನೆಂಟು ತುಂಬದ ಮಗುವಿನ ಮೇಲೆ ಘೋರ ಅಪರಾಧದ ಆಪಾದನೆ ಬಂದರೆ, ಅಂದರೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಇರುವಂಥ ಅಪರಾಧವಾದರೆ, ಬಾಲ ನ್ಯಾಯ ಮಂಡಳಿ ಒಂದು ಪ್ರಾಥಮಿಕ ಪರಿಶೀಲನೆ ನಡೆಸಬೇಕು. ಆ ಕೃತ್ಯ ಮಾಡುವ ಮಾನಸಿಕ, ದೈಹಿಕ ಶಕ್ತಿ ಹುಡುಗನಿಗಿತ್ತೇ? ಪರಿಣಾಮ ತಿಳಿಯುವ ಬುದ್ಧಿಯಿತ್ತೇ? ಯಾವ ಸನ್ನಿವೇಶದಲ್ಲಿ ಮಾಡಿದ? ಉತ್ತರ ನೋಡಿ, ಅವನನ್ನು ವಯಸ್ಕನಂತೆ ವಿಚಾರಣೆಗೆ ಗುರಿಪಡಿಸಬಹುದು. ಇದು ವಿಚಾರಣೆಯಲ್ಲ ಎಂದು ಕಾಯಿದೆಯೇ ಒಂದು ವಿವರಣೆ ಬೇರೆ ಸೇರಿಸಿದೆ. ವಿಚಾರಣೆಯಲ್ಲದಿದ್ದರೆ ಮಾಡಿದನೋ ಇಲ್ಲವೋ ಎಂಬುದು ಇನ್ನೂ ಗೊತ್ತಾಗಿಲ್ಲವೆಂದಾಯಿತು. ಗೊತ್ತಾಗದಿರುವಾಗ ಯಾವ ಮನಸ್ಸಿನಿಂದ ಮಾಡಿದ ಎಂದು ಅಳೆಯುವುದು ಹೇಗೆ? "ನಾನು ಮಾಡಿಯೇ ಇಲ್ಲ" ಎನ್ನುವ ಹುಡುಗ ಮನಶ್ಶಾಸ್ತ್ರಜ್ಞರ ಮುಂದೆ ಏನು ಹೇಳಬೇಕು? ಸನ್ನಿವೇಶ ವಿವರಿಸಿದರೆ ತಪ್ಪೊಪ್ಪಿಕೊಂಡಂತೆ. ಬಾಯಿ ಮುಚ್ಚಿದರೆ ಮಾಂಡವ್ಯನ ಗತಿ. ಕೊಲ್ಲುವುದು ತಪ್ಪೆಂದು ತಿಳಿದಿದೆಯೇ ಎಂದರೆ ಯಾವ ಹುಡುಗ ತಾನೇ ಇಲ್ಲವೆಂದಾನು? ಹೌದೆಂದನೋ, ದೊಡ್ಡವನಾದ!

ಇದು ಬರಿಯ ತರ್ಕದ ಆಟವೆಂದು ಭಾವಿಸುವವರು ಗುರುಗ್ರಾಮದ ಪ್ರಕರಣವನ್ನು ನೆನೆಯಲಿ. ೨೦೧೭ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಶಾಲೆಯೊಂದರ ಶೌಚಾಲಯದಲ್ಲಿ ಏಳು ವರ್ಷದ ಬಾಲಕನ ಕೊಲೆಯಾಯಿತು. ಪೊಲೀಸರು ಶಾಲೆಯ ಬಸ್ಸಿನ ಕಂಡಕ್ಟರನನ್ನು ಅಂದೇ ಹಿಡಿದರು. ಅವನು ತಪ್ಪೊಪ್ಪಿಕೊಂಡಿದ್ದಾನೆಂದೂ ಸಾರಿದರು. ಊರೆಲ್ಲ ಅವನನ್ನು ನೇಣಿಗೇರಿಸಿ ಮುಗಿಸಿತ್ತು. ತನಿಖೆ ಸಿ.ಬಿ.ಐ.ಗೆ ಹೋದಮೇಲೆ ಅವನು ನಿರಪರಾಧಿಯೆಂದು ತಿಳಿಯಿತು. ಸುಮಾರು ಎರಡೂವರೆ ತಿಂಗಳು ಸೆರೆಯಲ್ಲಿದ್ದ ಆ ಬಡವನ ಮೈಯೊಳಗಿನ ಶೂಲದ ತುಂಡನ್ನು ಯಾರು ತೆಗೆದರು? ಅದೇ ನವೆಂಬರಿನಲ್ಲಿ ಸಿ.ಬಿ.ಐ. ಅದೇ ಶಾಲೆಯ ಹದಿನಾರು ವರ್ಷದ ವಿದ್ಯಾರ್ಥಿಯೊಬ್ಬನನ್ನು ಹಿಡಿಯಿತು. ಅವನು ಮಗುವೋ ವಯಸ್ಕನೋ ಎಂಬ ಪ್ರಶ್ನೆ ಮಂಡಳಿಯಿಂದ ಉಚ್ಚ ನ್ಯಾಯಾಲಯಕ್ಕೆ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಏರಿತು. ೨೦೨೨ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ, ಇದು ಬಹಳ ನಾಜೂಕಿನ ಕೆಲಸ, ತಜ್ಞರ ನೆರವು ಬೇಕು, ಮಗುವಿನ ಪರಿಶೀಲನೆ ಹೊಸದಾಗಿ ನಡೆಯಲಿ ಎಂದಿತು. ಜಾಮೀನು ಸಿಕ್ಕಿದ್ದು ಅದೇ ವರ್ಷ ಅಕ್ಟೋಬರಿನಲ್ಲಿ. ಹದಿನಾರರ ಹುಡುಗ ಇಪ್ಪತ್ತೊಂದಾಗಿದ್ದ. ಮಗುವೇ ಎಂಬ ಪ್ರಶ್ನೆ ಮುಗಿಯುವ ಮೊದಲೇ ಅವನು ಮಗುವಾಗಿ ಉಳಿದಿರಲಿಲ್ಲ.

ಅವನು ಅಪರಾಧಿಯೋ ಅಲ್ಲವೋ ನನಗೆ ತಿಳಿಯದು. ತಿಳಿಯಬೇಕಾದ ನ್ಯಾಯಾಲಯಕ್ಕೂ ಐದು ವರ್ಷದಲ್ಲಿ ಅದನ್ನು ತಿಳಿಯಲು ಬಿಡುವಾಗಲಿಲ್ಲ ಎಂಬುದೇ ನನ್ನ ಆಕ್ಷೇಪಣೆ. ಕೊಲೆಯಾದ ಮಗುವಿನ ತಂದೆತಾಯಿಯರನ್ನು ಮುಂದಿಟ್ಟು ನನ್ನನ್ನು ನಾಚಿಸಬಯಸುವವರಿಗೆ ಒಂದು ಮಾತು: ಅವರಿಗೂ ಈ ಐದು ವರ್ಷದಲ್ಲಿ ದೊರೆತದ್ದು ತೀರ್ಪಲ್ಲ.

"ಮಾಡುವಷ್ಟು ಬುದ್ಧಿ ಬಂದಿದೆಯಲ್ಲ, ಅನುಭವಿಸಲಿ ಬಿಡಿ" ಎಂಬುದು ನನ್ನ ಸಹೋದ್ಯೋಗಿಯೊಬ್ಬರ ಖಚಿತ ಅಭಿಪ್ರಾಯ. ಮಾಂಡವ್ಯ ಹೇಳಿದ್ದು ಹದಿನಾಲ್ಕು, ನೀವು ಹದಿನೆಂಟಕ್ಕೆ ಎಳೆಯುತ್ತೀರಲ್ಲ ಎಂದೂ ಕುಟುಕಿದರು. ನಿಜ. ಮಾಂಡವ್ಯನ ಕಾಲಕ್ಕೆ ಮತದಾನವಿರಲಿಲ್ಲ, ಕರಾರು ಪತ್ರವಿರಲಿಲ್ಲ. ಈ ಎರಡಕ್ಕೂ ಹದಿನೆಂಟು ಎಂದು ಗೆರೆ ಎಳೆದವರು ನಾವೇ. ಇದೇ ಮಹನೀಯರು ಕಾಲೇಜಿನ ಪ್ರವಾಸದ ಒಪ್ಪಿಗೆ ಪತ್ರಕ್ಕೆ ಹದಿನೇಳರ ಹುಡುಗ ತಾನೇ ಸಹಿ ಹಾಕಿಕೊಂಡು ಬಂದರೆ, ತಂದೆಯ ಸಹಿ ತಾ ಎಂದು ಹಿಂದಕ್ಕಟ್ಟುತ್ತಾರೆ. ಜೋಗ ನೋಡಲು ಬಾರದ ವಯಸ್ಸು ಸೆರೆಮನೆ ನೋಡಲು ಬಂದುಬಿಡುತ್ತದೆ!

ಇನ್ನು ಜಾಮೀನಿನ ಮಾತು. ಇದೇ ಕಾಯಿದೆಯ ಹನ್ನೆರಡನೆಯ ಕಲಂ ಉದಾರವಾಗಿದೆ. ಮಗುವಿಗೆ ಜಾಮೀನೇ ನಿಯಮ. ಹೊರಬಂದರೆ ದುರ್ಜನರ ಸಹವಾಸಕ್ಕೋ ಅಪಾಯಕ್ಕೋ ಬೀಳುತ್ತದೆ, ಇಲ್ಲವೆ ನ್ಯಾಯದ ಉದ್ದೇಶವೇ ಕೆಡುತ್ತದೆ ಎಂದಾದರೆ ಮಾತ್ರ ನಿರಾಕರಣೆ. ಆದರೆ 'ನ್ಯಾಯದ ಉದ್ದೇಶ' ಎಂಬ ಆ ಕೊನೆಯ ಮಾತಿನ ಕಿಂಡಿಯಲ್ಲಿ ಆನೆಯೇ ನುಗ್ಗಬಹುದು. ದೊಡ್ಡವರ ಪಾಡಂತೂ ಹೇಳತೀರದು. ೨೦೨೨ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದ ೫,೭೩,೨೨೦ ಮಂದಿಯಲ್ಲಿ ೪,೩೪,೩೦೨ ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲೆ ಅಪರಾಧ ರುಜುವಾತೇ ಆಗಿರಲಿಲ್ಲ. ೧೯೭೮ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಕೆಳಗಿನ ನ್ಯಾಯಾಧೀಶರು ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿ, ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ತಳ್ಳಿಹಾಕಿದ್ದನ್ನು ಕೃಷ್ಣ ಅಯ್ಯರ್ ಅವರು ಖಂಡಿಸಿದ್ದರು. ಅಂದಿನಿಂದ ತೀರ್ಪುಗಳು ದಪ್ಪವಾದವು, ಸೆರೆಮನೆಗಳೂ ತುಂಬಿದವು.

ಇದರ ಎದುರಿಗೆ ೨೦೨೪ರ ಮೇ ತಿಂಗಳ ಪುಣೆಯನ್ನು ಇಡಿ. ಐಶ್ವರ್ಯವಂತರ ಮನೆಯ ಹದಿನೇಳರ ಹುಡುಗ ಓಡಿಸಿದ ಕಾರಿಗೆ ಇಬ್ಬರು ಬಲಿಯಾದರು. ಅಂದೇ ಜಾಮೀನು, ರಸ್ತೆ ಅಪಘಾತದ ಬಗ್ಗೆ ಮುನ್ನೂರು ಪದದ ಪ್ರಬಂಧ ಬರೆಯಬೇಕೆಂಬ ಷರತ್ತು. ಇಪ್ಪತ್ತು ವರ್ಷದಿಂದ ಪ್ರಬಂಧಗಳನ್ನು ತಿದ್ದುತ್ತಿರುವ ನನಗೆ ಅದರ ಶಿಕ್ಷಣಶಕ್ತಿಯ ಮೇಲೆ ಅಷ್ಟು ನಂಬಿಕೆಯಿಲ್ಲ. ಜನ ಕೆರಳಿದರು, ಕೆಲವೇ ದಿನದಲ್ಲಿ ಮಂಡಳಿ ಅವನನ್ನು ವೀಕ್ಷಣಾಲಯಕ್ಕೆ ಕಳುಹಿಸಿತು. ಜೂನಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ, ಜಾಮೀನು ಕೊಟ್ಟ ಮಗುವನ್ನು ಹಾಗೆ ಕೂಡಿಹಾಕಿದ್ದು ಕಾನೂನುಬಾಹಿರವೆಂದು ಬಿಡಿಸಿತು. ಆ ತೀರ್ಪು ಹಣದ ಮಹಿಮೆಯೆಂದು ನಮ್ಮ ಪಡಸಾಲೆಗಳಲ್ಲೆಲ್ಲ ಮಾತು. ನಾನು ಒಪ್ಪುವುದಿಲ್ಲ, ಕಾನೂನು ಹೇಳುವುದೇ ಅದನ್ನು. ಹಣದ ಮಹಿಮೆ ಇರುವುದು, ವಕೀಲರನ್ನಿಟ್ಟು ಆ ಕಾನೂನನ್ನು ಸುಮಾರು ಒಂದು ತಿಂಗಳಲ್ಲಿ ಓದಿಸಿಕೊಳ್ಳುವ ಶಕ್ತಿಯಲ್ಲಿ. ಸಿರಿವಂತನ ಮಗನನ್ನೂ ಒಳಗೆ ತಳ್ಳಿ ಎಂದು ಕೂಗುವುದರಿಂದ ಕೂಲಿಯವನ ಮಗ ಹೊರಗೆ ಬರುವುದಿಲ್ಲ. ಹನ್ನೆರಡನೆಯ ಕಲಮನ್ನು ಕೂಲಿಯವನ ಮಗನಿಗೂ ಅಷ್ಟೇ ಬೇಗ ಓದಿ ಹೇಳಲಿ. ಹದಿನೈದನೆಯ ಕಲಮನ್ನು ತೆಗೆದುಹಾಕಲಿ. ತೆಗೆಯುವ ಧೈರ್ಯವಿಲ್ಲದಿದ್ದರೆ, ಹುಡುಗ ಮಾಡಿದನೋ ಇಲ್ಲವೋ ಎಂಬುದನ್ನು ಬಾಲ ನ್ಯಾಯ ಮಂಡಳಿಯೇ ಮೊದಲು ತೀರ್ಮಾನಿಸಲಿ, ಮನಸ್ಸನ್ನು ಅಳೆಯುವ ಕೆಲಸ ಆಮೇಲೆ ಬರಲಿ.