ಫ್ರಿಜ್ ಉಂಟಾ ಅಂತ ಕೇಳುವವರಿಗೆ

ಕಳೆದ ಆದಿತ್ಯವಾರ ನಮ್ಮ ಮಾಳಿಗೆ ಮನೆ ನೋಡ್ಲಿಕ್ಕೆ ಗಂಡ ಹೆಂಡತಿ ಬಂದಿದ್ದರು. ಇಬ್ಬರೂ ನಿಟ್ಟೆ ಕಡೆ ಕೆಲಸಕ್ಕೆ ಹೋಗುವವರು. ಹೆಂಡತಿ ಅಡಿಗೆ ಕೋಣೆಗೆ ಇಣುಕಿ, "ಆಂಟಿ, ಫ್ರಿಜ್ ಉಂಟಾ?" ಅಂತ ಕೇಳಿದಳು. "ಇಲ್ಲ ಮಗಾ. 16 ಆಂಪಿನ ಪ್ಲಗ್ಗು ಎರಡು ಉಂಟು, ಹೊಗೆ ಎಳೆಯುವ ಫ್ಯಾನ್ ಉಂಟು, ಮೀಟರ್ ಬೇರೆಯೇ ಉಂಟು" ಅಂದೆ. ಅವಳು ಗಂಡನ ಮುಖ ನೋಡಿದಳು. ಪ್ಲಗ್ಗನ್ನು ಹೆಮ್ಮೆಯಿಂದ ತೋರಿಸುವ ಓನರಮ್ಮನನ್ನು ಅವಳು ಎಲ್ಲಿಯೂ ನೋಡಿರ್ಲಿಕ್ಕಿಲ್ಲ.

ಈ ಹೆಮ್ಮೆ ನನಗೆ ಸುಮ್ಮನೆ ಬಂದದ್ದಲ್ಲ ಮಾರಾಯ್ರೇ. ಒಂದು ತಪ್ಪು ಮಾಡಿ ಕಲಿತದ್ದು. ಅದನ್ನೇ ಹೇಳ್ತೇನೆ.

2021ರಲ್ಲಿ ನಾವು ಕೆಳಗಿನ ಮನೆಗೆ ಹೊಸ ಫ್ರಿಜ್ ತಂದೆವು. ಹಳೆಯದನ್ನು ಗುಜರಿಯವ ಕೇಳಿದ ರೇಟಿಗೆ ಕೊಡ್ಲಿಕ್ಕೆ ಮನಸ್ಸಾಗಲಿಲ್ಲ. ನಾಲ್ಕು ಜನ ಸೇರಿ ಅದನ್ನು ಮಾಳಿಗೆಗೆ ಹೊತ್ತು ಹಾಕಿದರು. ಮನೆಗೆ "ಫ್ರಿಜ್ ಉಂಟು" ಅಂತಾಯ್ತು, ಬಾಡಿಗೆ 500 ರೂಪಾಯಿ ಜಾಸ್ತಿಯಾಯ್ತು. ಬಂದವರು ಬಾಗಲಕೋಟೆ ಕಡೆಯ ಒಬ್ಬರು ಟೀಚರು. ಜೊತೆಗೆ ಅತ್ತೆ ಮತ್ತು ಆರು ವರ್ಷದ ಮಗಳು. ಗಂಡ ಊರಲ್ಲೇ, ತಿಂಗಳಿಗೊಮ್ಮೆ ಬಂದು ಹೋಗುದು.

ಅವರಿಗೆ ಆ ಫ್ರಿಜ್ಜಿನಿಂದ ಆದ ಉಪಕಾರ ಅಷ್ಟಕ್ಕಷ್ಟೆ. ನಮ್ಮ ಹಾಗೆ ದೋಸೆ ಹಿಟ್ಟು ಕಡೆದು ಎರಡು ದಿನಕ್ಕೆ ಇಡುವ ಪದ್ಧತಿ ಅವರಲ್ಲಿಲ್ಲ. ಆ ಅತ್ತೆ ದಿನಾ ರೊಟ್ಟಿ ಬಡಿಯುವವರು. ಸಂಜೆ ಆರು ಗಂಟೆಗೆ ಮೇಲಿಂದ ಟಪ ಟಪ ಶಬ್ದ ಕೇಳ್ತಿತ್ತು. ಅವರಿಗೆ ಬೇಕಾದದ್ದು ಒಳ್ಳೆ ಜ್ವಾಲೆಯ ಗ್ಯಾಸ್ ಒಲೆ. ಗ್ಯಾಸ್ ಕನೆಕ್ಷನ್ ಬೇಕಾದರೆ ವಿಳಾಸದ ದಾಖಲೆ ಬೇಕು, ಅದಕ್ಕೆ ಬಾಡಿಗೆ ಕರಾರು ಆಗ್ತದೆ. ಟೀಚರು ಎರಡು ಸಲ ಕೇಳಿದರು. ನಾನು "ನೋಡುವ, ನೋಡುವ" ಅಂತ ಮುಂದೆ ಹಾಕಿದೆ.

ಯಾಕೆ ಅಂದರೆ ನಮ್ಮ ಮಾವನವರ ಕಾಲದ ಹೆದರಿಕೆ. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಹಾಕಿದ ಒಕ್ಕಲಿನವರಿಗೆ ಜಾಗ ಹೋದ ಕತೆ ಈ ಊರಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹೇಳ್ತಾರೆ. "ಕಾಗದ ಕೊಟ್ಟರೆ ಮನೆಯೂ ಹೋಗ್ತದೆ" ಅಂತ ಮಾವನವರು ಹೇಳಿದ್ದು ನನ್ನ ತಲೆಯಲ್ಲಿ ಕೂತಿತ್ತು. ಅದು ಗದ್ದೆ ತೋಟದ ಗೇಣಿಯ ಕಾನೂನು, ಮಾಳಿಗೆ ಮನೆಗೂ ಅದಕ್ಕೂ ಸಂಬಂಧವೇ ಇಲ್ಲ ಅಂತ ಯೋಚನೆ ಮಾಡುವ ತಾಳ್ಮೆ ನನಗಿರಲಿಲ್ಲ. ಎಲ್ಲರೂ ಮಾಡುವ ಹಾಗೆ 11 ತಿಂಗಳ ಕರಾರು ಬರೆದು ಕೊಟ್ಟಿದ್ದರೆ ಮುಗೀತಿತ್ತು.

ಕರಾರು ಇಲ್ಲ, ಹಾಗಾಗಿ ದೊಡ್ಡ ಸಿಲಿಂಡರ್ ಇಲ್ಲ. ಅವರು 5 ಕಿಲೋದ ಸಣ್ಣ ಸಿಲಿಂಡರ್ ತಂದುಕೊಂಡರು. ಛೋಟು ಅಂತ ಹೇಳ್ತಾರಲ್ಲ, ಗುರುತಿನ ಚೀಟಿ ತೋರಿಸಿದರೆ ಸಿಗುವಂಥದ್ದು. 14.2 ಕಿಲೋದ್ದು ಬರುವಷ್ಟು ದಿನ ಅದು ಎಲ್ಲಿ ಬರ್ತದೆ? ಮುಗಿದಾಗ ಹೊರಗೆ ಹೋಗಿ ಹೊತ್ತು ತರ್ಬೇಕು. ಅದಕ್ಕೇ ಒಂದು ಇಂಡಕ್ಷನ್ ಒಲೆಯನ್ನೂ ತಂದಿಟ್ಟರು.

2022ರ ಆಟಿ ತಿಂಗಳು. ಹೊರಗೆ ಜಡಿಮಳೆ. ರಾತ್ರಿ ಎಂಟರ ಹೊತ್ತಿಗೆ ಮೇಲಿಂದ ಟೀಚರ ಸ್ವರ: "ಅಕ್ಕಾರ, ಬೋರ್ಡಿನಾಗಿಂದ ಹೊಗಿ ಬರಾಕತ್ತೈತ್ರಿ, ಲಗೂ ಬರ್ರಿ!" ಇವರು ಓಡಿ ಹೋಗಿ ಮೇನ್ ಸ್ವಿಚ್ ಆಫ್ ಮಾಡಿದರು. ನಾನು ಟಾರ್ಚ್ ಹಿಡಿದು ಹತ್ತಿದೆ. ಪ್ಲಗ್ಗಿನ ಪ್ಲಾಸ್ಟಿಕ್ ಕರಗಿ ಗೋಡೆಯಲ್ಲಿ ಕಪ್ಪಾಗಿ ಇಳಿದಿತ್ತು. ಒಂದು ಗೇಣು ದೂರದಲ್ಲೇ ಸಿಲಿಂಡರ್. ಆ ಮಗು ಅಜ್ಜಿಯ ಸೆರಗು ಹಿಡಿದುಕೊಂಡು ನಿಂತಿತ್ತು.

ಮರುದಿನ ಬಂದ ವಯರ್‌ಮನ್ ಬೋರ್ಡ್ ಬಿಚ್ಚಿ ನೋಡಿ, "ಅಕ್ಕಾ, ಉಂದೆಕ್ ಅರ್ತಿಂಗೇ ಇಜ್ಜಿ" ಅಂದ. ಅರ್ತಿಂಗ್ ಇಲ್ಲದ ಅಡಿಗೆ ಕೋಣೆ. ಇರುವ ಒಂದೇ ಸಣ್ಣ ಪ್ಲಗ್ಗಿನಲ್ಲಿ ಎಕ್ಸ್‌ಟೆನ್ಶನ್ ಹಾಕಿ ಫ್ರಿಜ್ಜೂ ಇಂಡಕ್ಷನ್ನೂ ನಡೆಯುತ್ತಿತ್ತು. ಅವನು ಲೆಕ್ಕ ಹೇಳಿದ. ಇಂಡಕ್ಷನ್ 2000 ವಾಟ್, ಅದನ್ನು 230 ವೋಲ್ಟಿನಿಂದ ಭಾಗಿಸಿದರೆ 8.7 ಆಂಪ್. ಸಣ್ಣ ಪ್ಲಗ್ಗು ತಡೆಯುದು 6 ಆಂಪ್. ಮಿಕ್ಸಿಗೆ, ಗ್ರೈಂಡರಿಗೆ ಅದು ಸಾಕು, ಇಂಡಕ್ಷನ್ನಿಗೆ ಸಾಲುದಿಲ್ಲ. ನಾನು ಬೇಡದ ಫ್ರಿಜ್ ಕೊಟ್ಟು ಬಾಡಿಗೆ ತಕೊಂಡಿದ್ದೆ, ಬೇಕಾದ ಪ್ಲಗ್ಗು ಕೊಟ್ಟಿರಲಿಲ್ಲ.

ಇಷ್ಟಾದರೂ ನನಗೆ ಬುದ್ಧಿ ಪೂರ್ತಿ ಬರಲಿಲ್ಲ. ದೀಪಾವಳಿ ಹೊತ್ತಿಗೆ ಫ್ರಿಜ್ ನಿಂತಿತು. 2023ರಲ್ಲಿ ಟೀಚರಿಗೆ ವರ್ಗ ಆಯ್ತು. ಅಡ್ವಾನ್ಸ್ ವಾಪಸ್ ಕೊಡುವಾಗ "ಫ್ರಿಜ್ ನಿಮ್ಮ ಕೈಯಲ್ಲಿ ಹಾಳಾದದ್ದಲ್ವಾ" ಅಂತ 2500 ರೂಪಾಯಿ ಹಿಡಿದುಕೊಂಡೆ. ಅವರು ಎಂತದೂ ಮಾತಾಡಲಿಲ್ಲ. ಗಾಡಿಗೆ ಸಾಮಾನು ಹಾಕಿಸಿ, ನನಗೆ ಕೈ ಮುಗಿದು ಹೋದರು.

ಈ ಬಗ್ಗೆ ಅಮ್ಮನ ಹತ್ತಿರ ಹೇಳಿದಾಗ ಅವರು ಹಳೆ ಬಿಡಾರದ ಕತೆ ತೆಗೆದರು. ಅಮ್ಮ ಮದುವೆಯಾದ ಹೊಸತರಲ್ಲಿ ಇದ್ದದ್ದು ಪೇಟೆಯ ಬಾಡಿಗೆ ಬಿಡಾರದಲ್ಲಿ. ಅಲ್ಲಿ ಕಡೆಯುವ ಕಲ್ಲನ್ನು ಅಡಿಗೆ ಕೋಣೆಯ ಮೂಲೆಯಲ್ಲಿ ನೆಲಕ್ಕೆ ಹುಗಿದು ಕೂರಿಸಿದ್ದರಂತೆ. ಒಲೆ ಮನೆಯದ್ದು, ಕಲ್ಲು ಮನೆಯದ್ದು, ಬಾವಿಯ ರಾಟೆ ಮನೆಯದ್ದು. ಹಗ್ಗ, ಕೊಡಪಾನ, ಹೆರೆಮಣೆ, ಪಾತ್ರೆ ಎಲ್ಲ ಬಿಡಾರದವರದ್ದು. ಕಲ್ಲು ನುಣುಪಾದರೆ ಉಳಿಪೆಟ್ಟು ಹಾಕಿಸ್ಲಿಕ್ಕೆ ಮನೆಯವರೇ ಜನ ಕರೆಸುತ್ತಿದ್ದರಂತೆ. "ನೀವು ಕಡೆದು ಕಡೆದು ಸವೆಸಿದ್ದೀರಿ" ಅಂತ ಯಾರೂ ದುಡ್ಡು ಕೇಳಲಿಲ್ಲ ಅಂತ ಅಮ್ಮ ನನ್ನನ್ನು ನೋಡಿಯೇ ಹೇಳಿದರು.

ನನಗೆ ಕಾಣುದು ಇವತ್ತಿಗೂ ಅದೇ ಲೆಕ್ಕ ಸರಿ ಅಂತ. ನೆಲಕ್ಕೆ, ಗೋಡೆಗೆ ಸೇರಿದ್ದು ಮನೆಯವರು ಕೊಡ್ಬೇಕು. ಪಿಕಪ್ಪಿಗೆ ಹಾಕಿಕೊಂಡು ಹೋಗ್ಲಿಕ್ಕಾಗುವಂಥದ್ದು ಬಾಡಿಗೆಯವರು ತರ್ಬೇಕು. ಮಿಕ್ಸಿ, ಗ್ರೈಂಡರ್, ಫ್ರಿಜ್, ಗ್ಯಾಸ್ ಒಲೆ ಅವರವರ ಊಟಕ್ಕೆ ತಕ್ಕ ಹಾಗೆ ಅವರವರದ್ದೇ ಇರಲಿ. ಕುಚ್ಚಲಕ್ಕಿ ಬೇಯಿಸುವವರ ಪಾತ್ರೆ ಬೇರೆ, ರೊಟ್ಟಿ ಬಡಿಯುವವರ ತವ ಬೇರೆ.

ಹಾಗಾದರೆ ಮನೆಯವರು ಕೊಡ್ಬೇಕಾದ್ದು ಎಂತೆಂತ? ಅಡಿಗೆ ಕೋಣೆಗೆ 16 ಆಂಪಿನ ಪ್ಲಗ್ಗು ಕಡಿಮೆಯಲ್ಲಿ ಎರಡು, ಸರಿಯಾದ ಅರ್ತಿಂಗ್, ಕರೆಂಟ್ ಸೋರಿದರೆ ತನ್ನಷ್ಟಕ್ಕೆ ಬೀಳುವ ಬ್ರೇಕರ್. ಏಪ್ರಿಲ್‌ನಲ್ಲಿ ಸಿಡಿಲು ಗುಡುಗು ಶುರುವಾಗುವ ಊರಿನಲ್ಲಿ ಇದು ಆಡಂಬರ ಅಲ್ಲ. ಹೊಗೆ ಎಳೆಯುವ ಫ್ಯಾನು. ಮಳೆಗಾಲದ ನಾಲ್ಕು ತಿಂಗಳು ಕಿಟಕಿ ತೆರೆಯುವ ಹಾಗಿಲ್ಲ, ಆ ಫ್ಯಾನ್ ಇಲ್ಲದಿದ್ದರೆ ಗೋಡೆಗೆ ಬೂಸುರು ಬರುದು ಮನೆಯವರಿಗೇ ನಷ್ಟ. ನೀರು ಬರುವ ನಳ್ಳಿಯ ಸಿಂಕು. ಒಲೆ ಇಡ್ಲಿಕ್ಕೆ ಕಲ್ಲಿನ ಕಟ್ಟೆ, ಅದರ ಕೆಳಗೆ ಸಿಲಿಂಡರ್ ನೆಟ್ಟಗೆ ನಿಲ್ಲಿಸ್ಲಿಕ್ಕೆ ಗಾಳಿಯಾಡುವ ಜಾಗ. ಮತ್ತೆ ಆ ಕರಾರಿನ ಕಾಗದ. ಕಾಗದವೂ ಅಡಿಗೆ ಸಾಮಾನೇ ಅಂತ ನನಗೆ ಈಗ ಗೊತ್ತಾಗಿದೆ, ಅದಿಲ್ಲದೆ ಒಲೆ ಉರಿಯುದಿಲ್ಲ.

ಮೀಟರೂ ಬೇರೆ ಬೇಕು. 2023ರಲ್ಲಿ ಗೃಹಜ್ಯೋತಿ ಬಂದಾಗ ಬಾಡಿಗೆಯವರಿಗೂ ಸಿಗ್ತದೆ ಅಂದರು. ಆದರೆ ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಎರಡೂ ಮನೆಯ ಖರ್ಚು ಒಟ್ಟಾಗಿ 200 ಯೂನಿಟ್ ದಾಟ್ತದೆ, ಇಬ್ಬರಿಗೂ ಇಲ್ಲ. ಟೀಚರು ಹೋದ ಮೇಲೆ ನಾವು ಮೆಸ್ಕಾಂಗೆ ಅರ್ಜಿ ಹಾಕಿ ಬೇರೆ ಮಾಡಿಸಿದೆವು.

ಕಾನೂನು ಎಂತ ಹೇಳ್ತದೆ ಅಂತಲೂ ನೋಡಿದೆ. ಕೇಂದ್ರ ಸರಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆ ಮಾಡಿ ರಾಜ್ಯಗಳಿಗೆ ಕಳಿಸಿದೆ. ಅದು ಮಾದರಿ ಮಾತ್ರ, ರಾಜ್ಯ ತಾನೇ ಕಾಯ್ದೆ ಮಾಡಿದರೆ ಜಾರಿ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅಂತ ಅದರಲ್ಲುಂಟು. ಕರಾರಿನಲ್ಲಿ ಬೇರೆ ಬರೆದುಕೊಳ್ಳದಿದ್ದರೆ ಯಾವ ರಿಪೇರಿ ಯಾರದ್ದು ಅಂತ ಕೊನೆಯಲ್ಲಿ ಪಟ್ಟಿಯೂ ಉಂಟು. ಗೋಡೆ, ಸುಣ್ಣಬಣ್ಣ, ಪೈಪು, ವಯರಿಂಗ್ ಮಾಲೀಕರದ್ದು. ನಳ್ಳಿ, ಗೀಸರ್, ಸ್ವಿಚ್ಚು, ಸಾಕೆಟ್, ಅಡಿಗೆ ಕೋಣೆಯ ಜೋಡಣೆಗಳ ರಿಪೇರಿ ಬಾಡಿಗೆಯವರದ್ದು. ಯಾವುದನ್ನು ಕೊಡ್ಬೇಕು ಅಂತ ಮಾತ್ರ ಆ ಪಟ್ಟಿಯಲ್ಲಿಲ್ಲ. ಅದನ್ನು ಹಿಡಿದುಕೊಂಡು ನಾನು ಸುಟ್ಟ ಸಾಕೆಟ್ಟಿನ ದುಡ್ಡನ್ನೂ ಟೀಚರ ಹತ್ತಿರ ಕೇಳಬಹುದಿತ್ತು. ಅದು ನ್ಯಾಯವಾ, ನೀವೇ ಹೇಳಿ. ತಪ್ಪಿ ಒಡೆದರೆ ಅವರು ಕೊಡಲಿ. ಹಳತಾಗಿ ಸತ್ತದ್ದಕ್ಕೆ, ಕೊಡುವಾಗಲೇ ಸರಿ ಇಲ್ಲದ್ದಕ್ಕೆ ಅವರು ಯಾಕೆ ಕೊಡ್ಬೇಕು?

"ಮಣಿಪಾಲದಲ್ಲಿ ಎಲ್ಲ ಕೊಡ್ತಾರಲ್ಲ" ಅಂತ ನೀವು ಕೇಳಬಹುದು. ಅಲ್ಲಿಗೆ ಬರುವ ಮಕ್ಕಳು ಎರಡು ಸೂಟ್‌ಕೇಸ್ ಹಿಡಿದು ಬಂದು ಕೋರ್ಸ್ ಮುಗಿಸಿ ಹೋಗುವವರು. ಅವರಿಗೆ ಒಲೆ, ಫ್ರಿಜ್ ಕೊಡುದು ಸರಿಯೇ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2026ರ ಜನವರಿಯಿಂದ ಹೊಸ ಕರಾರುಗಳಿಗೆ ನಡೆಯುವ ಒಲೆ ಮತ್ತು ಫ್ರಿಜ್ ಮಾಲೀಕರೇ ಕೊಡ್ಬೇಕು ಅಂತ ಕಾನೂನು ಬಂದಿದೆ. ಜರ್ಮನಿಯಲ್ಲಿ ತಿರುಗ ಮುರುಗ, ಎಷ್ಟೋ ಬಾಡಿಗೆಯವರು ಮನೆ ಬಿಡುವಾಗ ಅಡಿಗೆ ಕೋಣೆಯ ಕಪಾಟು, ಸಿಂಕನ್ನೂ ಬಿಚ್ಚಿಕೊಂಡು ಹೋಗ್ತಾರೆ. ಒಂದೊಂದು ಊರಿಗೆ ಒಂದೊಂದು ಕ್ರಮ. ನನ್ನ ಮಾತು ಇಷ್ಟೇ: ಕೊಡುದಾದರೆ ನಡೆಯುವಂಥದ್ದು ಕೊಡಿ, ಕರಾರಿನಲ್ಲಿ ಬರೆಯಿರಿ, ನಿಂತಾಗ ನೀವೇ ರಿಪೇರಿ ಮಾಡಿಸಿ. ಅದಾಗುದಿಲ್ಲ ಅಂದರೆ ಕೊಡ್ಬೇಡಿ. ನಮ್ಮ ಗುಜರಿಗೆ ಇನ್ನೊಬ್ಬರ ಹತ್ತಿರ ಬಾಡಿಗೆಯೂ ಕರೆಂಟ್ ಬಿಲ್ಲೂ ಕಟ್ಟಿಸಬಾರದು.

ವಯರಿಂಗ್ ಪೂರ್ತಿ ಹೊಸತು ಮಾಡಿಸಿದ ದಿನ ಟೀಚರ ನಂಬರಿಗೆ 2500 ರೂಪಾಯಿ ಹಾಕಿದೆ. ಐದು ನಿಮಿಷಕ್ಕೆ ಫೋನ್ ಬಂತು. "ಅಕ್ಕಾರ, ಇದು ಯಾವ ರೊಕ್ಕ ರೀ?" "ಫ್ರಿಜ್ಜಿಂದು ಟೀಚರೇ, ನಾನು ಹಿಡಿದುಕೊಳ್ಳಬಾರದಿತ್ತು" ಅಂದೆ. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಮತ್ತೆ, "ಮಗಳಿಗೆ ಸಾಲಿ ಬ್ಯಾಗ್ ತರಬೇಕಿತ್ರಿ, ತರ್ತೀನಿ" ಅಂದರು. ಅವರ ಅತ್ತೆ ಹಿಂದಿನಿಂದ, "ಹೊಸ ಮನ್ಯಾಗ ಗ್ಯಾಸ್ ಬಂದೈತಿ ಅಂತ ಹೇಳು" ಅಂತಿದ್ದರು.

ಆದಿತ್ಯವಾರ ಬಂದ ಗಂಡ ಹೆಂಡತಿ ಇನ್ನೂ ಫೋನ್ ಮಾಡಿಲ್ಲ. ಫ್ರಿಜ್ ಇರುವ ಮನೆಯೇ ಅವರಿಗೆ ಸಿಕ್ಕಿದೆಯೋ ಎಂತದೋ. ಸಿಕ್ಕಿದ್ದರೆ ಸಂತೋಷ. ಆದರೆ ಅದರ ಪ್ಲಗ್ಗು ಎಷ್ಟು ಆಂಪಿಂದು ಅಂತ ಒಮ್ಮೆ ಬಗ್ಗಿ ನೋಡಿದರೆ ಒಳ್ಳೇದಿತ್ತು.